ರವಿವಾರ ಅಳಿಸಿದ ಫೈಲು

ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಸರ್ವಿಸ್ ಕೆಲಸಕ್ಕೆ ಇಳಿದು ಇಪ್ಪತ್ತು ವರ್ಷದ ಮೇಲಾಯಿತು. ಕಳೆದ ವರ್ಷ ಮದುವೆಯ ಸೀಸನ್ನಿನಲ್ಲಿ ಬೆಂಗೇರಿಯ ಒಂದು ಪ್ರೆಸ್ಸಿನಿಂದ ಫೋನ್ ಬಂತು. ಕಂಪ್ಯೂಟರ್ ಚಾಲೂ ಆಗುತ್ತಿಲ್ಲ, ಲಗ್ನಪತ್ರಿಕೆಗಳೆಲ್ಲ ಅದರಲ್ಲೇ ಇವೆ ಎಂದರು. ಹೋದೆ. ಅಲ್ಲಿ ಎಲ್ಲರೂ ಸಾವ್ಕಾರ್ರು ಎಂದು ಕರೆಯುವ ಮಾಲೀಕರು, ನನ್ನ ಹಿಂದೆ ಯಾರಾದರೂ ಗಂಡಸರು ಬರುತ್ತಿದ್ದಾರೇನೋ ಎಂದು ಇಣುಕಿದರು. ಮಷಿನ್ ಬಿಚ್ಚುವವಳು ನಾನೇ ಎಂದೆ. ನನ್ನ ತಲೆ ಅಲ್ಲಿಂದಲೇ ಕೆಟ್ಟಿತ್ತು.

ಕೂರುವ ಮೊದಲೇ ಅವರ ದೂರು ಶುರುವಾಯಿತು. "ನಮ್ಮ ರೇಣುಕಾ ಕೆಡಿಸ್ಯಾಳ್ರಿ. ಇನ್ನ ಬರಬ್ಯಾಡ ಅಂತ ಹೇಳೇನಿ."

ರೇಣುಕಾ ಗಬ್ಬೂರಿನವಳು, ಆ ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಕನ್ನಡ ಟೈಪಿಂಗ್ ಮಾಡಿದವಳು. ಅವಳನ್ನು ಅಚ್ಚಿನ ಮಷಿನ್ ನಡೆಸುವವರೆಲ್ಲರ ಎದುರು ಬೈದು ಹೊರಗೆ ಹಾಕಿದ್ದರು. ಸಾಲದ್ದಕ್ಕೆ, ಪರಿಚಯದ ಇಬ್ಬರು ಪ್ರೆಸ್ಸಿನವರಿಗೂ ಫೋನ್ ಮಾಡಿ, ಈಕೆಯನ್ನು ಸೇರಿಸಿಕೊಳ್ಳಬೇಡಿ ಎಂದಿದ್ದರಂತೆ. ಇನ್ನು ಆಕೆಗೆ ಈ ಊರಲ್ಲಿ ಕೀಬೋರ್ಡ್ ಮುಟ್ಟಿಸುವವರು ಯಾರು?

ಕಪ್ಪು ಪರದೆಯ ಮೇಲೆ ಒಂದೇ ಸಾಲು ಕಾಣುತ್ತಿತ್ತು: ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್. ವಿಂಡೋಸ್ ಎಕ್ಸ್‌ಪಿಯನ್ನು ಎಬ್ಬಿಸುವ ಸಣ್ಣ ಸಿಸ್ಟಮ್ ಫೈಲು ಅದು. ಅದಿಲ್ಲದಿದ್ದರೆ ಮುಂದಿನದೇನೂ ನಡೆಯದು. ಇವತ್ತಿನ ಕಾಲದಲ್ಲಿ ಎಕ್ಸ್‌ಪಿ ಏಕೆಂದರೆ, ಅವರ ಹಳೆಯ ಅಕ್ಷರಜೋಡಣೆಯ ಸಾಫ್ಟ್‌ವೇರ್ ಬೇರೆ ಯಾವುದರಲ್ಲೂ ಓಡುವುದಿಲ್ಲ. ನಾನು ಎಕ್ಸ್‌ಪಿ ಸಿಡಿ ಹಾಕಿ, ಅದರಿಂದ ಆ ಫೈಲನ್ನು ಸಿ ಡ್ರೈವಿಗೆ ನಕಲು ಮಾಡಿದೆ. ಕಂಪ್ಯೂಟರ್ ಎದ್ದಿತು. ಪತ್ರಿಕೆಗಳೆಲ್ಲ ಇದ್ದಲ್ಲೇ ಇದ್ದವು.

ಬ್ಯಾಗು ಹೆಗಲಿಗೇರಿಸಿ ಬರಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಅಳಿಸಿದ ಫೈಲುಗಳು ಬಿದ್ದಿರುವ ರಿಸೈಕಲ್ ಬಿನ್ ತೆರೆದೆ. ಎನ್‌ಟಿಎಲ್‌ಡಿಆರ್ ಅಲ್ಲೇ ಇತ್ತು, ಅಳಿಸಿದ್ದು ರವಿವಾರ ಮಧ್ಯಾಹ್ನ. ಕಂಪ್ಯೂಟರಿನ ಗಡಿಯಾರವೂ ಸರಿಯಾಗಿತ್ತು.

ರವಿವಾರ ಪ್ರೆಸ್ ತೆರೆದಿತ್ತೇ ಎಂದು ಕೇಳಿದೆ. ಬಂದ್ ಎಂದರು. ಕೀಲಿ ಯಾರ ಬಳಿ ಇರುತ್ತದೆ ಎಂದೆ. ತಮ್ಮ ಬಳಿಯೇ ಎನ್ನುವಾಗ ಸಾವ್ಕಾರ್ರ ಮುಖ ಸಣ್ಣಗಾಯಿತು. ಸಿ ಡ್ರೈವ್ ತುಂಬಿಹೋಗಿತ್ತಂತೆ. ಅಡಗಿದ ಫೈಲುಗಳೇ ಜಾಗ ತಿನ್ನುತ್ತವೆ ಎಂದು ಮೊಬೈಲಿನ ಯಾವುದೋ ವಿಡಿಯೋ ಹೇಳಿತಂತೆ. ಇವರು ಹುಡುಕಿ ಹುಡುಕಿ ತೆಗೆದಿದ್ದಾರೆ! ಇದು ಸಿಸ್ಟಮ್ ಫೈಲು, ಅಳಿಸಿದರೆ ಕಂಪ್ಯೂಟರ್ ನಡೆಯದೇ ಹೋಗಬಹುದು ಎಂದು ವಿಂಡೋಸ್ ಎಚ್ಚರಿಸಿಯೇ ಇರುತ್ತದೆ.

"ಇಂಗ್ಲಿಷ್‌ನ್ಯಾಗ ಏನೋ ಕೇಳ್ತ್ರಿ. ಎಸ್ ಅಂತ ಒತ್ತಿದ್ನಿ," ಎಂದರು.

ಸೋಮವಾರ ಮಷಿನ್ ಏಳದಿದ್ದಾಗ ಅದು ನೆನಪಾಗಲಿಲ್ಲವೇ ಎಂದು ಕೇಳಿದೆ. ನೆನಪಾಗಿತ್ತಂತೆ. ಮೈಯೆಲ್ಲ ಉರಿದುಹೋಯಿತು. ತಿಳಿಯದೆ ಅಳಿಸಿದ್ದನ್ನು ಕ್ಷಮಿಸಬಹುದು, ತಿಳಿದೂ ಒಬ್ಬಳ ಅನ್ನಕ್ಕೆ ಕಲ್ಲು ಹಾಕಿದ್ದನ್ನು ಹೇಗೆ ಕ್ಷಮಿಸುವುದು? ಈಗಲೇ ಆಕೆಗೆ ಫೋನ್ ಹಚ್ಚಿ, ಸ್ಪೀಕರ್ ಇಡಿ ಎಂದೆ.

ನಾಳೆಯಿಂದ ಬಾ, ಮಷಿನ್ ಛಲೋ ಆಗಿದೆ ಎಂದರು ಸಾವ್ಕಾರ್ರು. ಕೆಡಿಸಿದ್ದು ಯಾರಂತೆ ಎಂದು ಆಕೆ ಕೇಳಿದಳು. ಏನೋ ಟೆಕ್ನಿಕಲ್ ಪ್ರಾಬ್ಲೆಮ್ ಎಂದು ಇವರು ಗೊಣಗಿದರು.

"ನೀವ ಹೇಳ್ತೀರೋ, ನಾ ಹೇಳ್ಲೋ?" ಎಂದೆ.

ಕೊನೆಗೆ ತಮ್ಮದೇ ತಪ್ಪು ಎಂದರು. ರೇಣುಕಾ ಅಳಲಿಲ್ಲ, ಕೂಗಾಡಲೂ ಇಲ್ಲ. "ನಾ ಕೆಡಿಸಿಲ್ಲ ಅಂತ ನನಗ ಗೊತ್ತೈತ್ರಿ. ಯಾರ ಮುಂದ ಬೈದ್ರಿ, ಅವ್ರ ಮುಂದ ಹೇಳ್ರಿ," ಎಂದಳು.

ಸಾವ್ಕಾರ್ರು ಅಚ್ಚಿನ ಮಷಿನ್ ನಿಲ್ಲಿಸಿ, ಕೆಲಸಗಾರರನ್ನು ಕರೆದು ಹೇಳಿದರು. ಆ ಇಬ್ಬರು ಪ್ರೆಸ್ಸಿನವರಿಗೂ ನನ್ನೆದುರೇ ಫೋನ್ ಮಾಡಿಸಿ, ತಪ್ಪು ತಮ್ಮದು, ಆಕೆಯ ಕೆಲಸ ಛಲೋ ಎಂದು ಹೇಳಿಸಿದೆ. ಅವರಲ್ಲಿ ಒಬ್ಬರು, ಅಷ್ಟು ಛಲೋ ಕೆಲಸದವಳಾದರೆ ನಮ್ಮಲ್ಲಿಗೇ ಕಳಿಸಿ ಎಂದುಬಿಟ್ಟರು. ಆಕೆ ಅಲ್ಲಿಗೇ ಹೋದಳು.

ಈಗ ಯಾರೇ ಫೋನ್ ಮಾಡಿ, ನಮ್ಮ ಆಪರೇಟರ್ ಕೆಡಿಸಿದ್ದಾಳೆ ಎಂದರೂ ನನ್ನದು ಒಂದೇ ಷರತ್ತು. ಮೊದಲು ಆಕೆಯನ್ನು ಕರೆಸಿ, ನನ್ನ ಪಕ್ಕ ಕೂರಿಸಿ. ಅಲ್ಲಿಯ ತನಕ ನಾನು ಒಂದು ಸ್ಕ್ರೂ ಕೂಡ ಬಿಚ್ಚುವುದಿಲ್ಲ.