ಮದುವೆ ಕಾಫಿಗೆ ಹೊರಟ ಓನರ್ ಆಂಟಿ

ಕಳೆದ ವಾರ ಇಂದಿರಾನಗರದಲ್ಲಿ ರವಿಕೆ ಹೊಲಿಯಲು ಕೊಟ್ಟು ಹೊರಗೆ ಬಂದವಳಿಗೆ ಅಡ್ಡರಸ್ತೆಯ ತಿರುವಿನಲ್ಲೇ ಕಾಫಿ ಬೀಜ ಹುರಿಯುವ ಘಮ ಮೂಗಿಗೆ ಬಡಿಯಿತು. ಲೋಟದ ಕಾಫಿಯ ಘಮ ಬೇರೆ. ಬೀಜ ಇನ್ನೇನು ಸಿಡಿಯಬೇಕು ಅನ್ನುವ ಹೊತ್ತಿಗೆ ಬರುತ್ತದಲ್ಲ, ಸ್ವಲ್ಪ ಬೆಲ್ಲ ಸುಟ್ಟ ಹಾಗೆ, ಸ್ವಲ್ಪ ಹೊಗೆಯ ಹಾಗೆ... ಅದು. ಕಾಲು ತಾನಾಗಿಯೇ ಆ ಕಡೆ ತಿರುಗಿತು. ಗಾಜಿನ ಬಾಗಿಲು, ಒಳಗೆ ಹುರಿಯುವ ಯಂತ್ರ, ಗೋಡೆಯ ಮೇಲೆಲ್ಲ ತೋಟಗಳ ಚಿತ್ರ. ಏಪ್ರನ್ ಕಟ್ಟಿಕೊಂಡ ಹುಡುಗಿ ಪುಟ್ಟ ಲೋಟದಲ್ಲಿ ಕರಿ ಕಾಫಿ ಕೊಟ್ಟು, "ಫಸ್ಟ್ ಟೇಸ್ಟ್ ಮಾಡಿ ಮೇಡಂ, ಇಷ್ಟ ಆದ್ರೆ ತಗೊಳ್ಳಿ. ಇದ್ರಲ್ಲಿ ಕಿತ್ತಳೆ ಹಣ್ಣಿನ ನೋಟ್ಸ್ ಇದೆ" ಅಂದಳು.

ನನಗೆ ಕಿತ್ತಳೆ ಸಿಗಲಿಲ್ಲ. ಸಿಕ್ಕಿದ್ದು ನಮ್ಮ ಓನರ್ ಆಂಟಿ. ರುಚಿ ನೋಡಿದ ಮೇಲೇ ಪುಡಿ ಅನ್ನುವ ಕಾನೂನನ್ನು ಬೆಂಗಳೂರಿನ ಈ ದಿಕ್ಕಿಗೆ ತಂದವರೇ ಅವರಲ್ಲವೇ! ಅದೂ ಅಂಗಡಿಯವರು ಕೊಟ್ಟು ಅಲ್ಲ, ಇವರೇ ಫಿಲ್ಟರ್ ಹೊತ್ತುಕೊಂಡು ಹೋಗಿ.

ಅದು ತೊಂಬತ್ತರ ದಶಕದ ಕೊನೆ. ನಾವು ಹೊಸದಾಗಿ ಮದುವೆಯಾಗಿ ಜೀವನ್ ಬಿಮಾ ನಗರದ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಓನರ್ ಆಂಟಿ, ಅವರ ಒಬ್ಬಳೇ ಮಗಳು. ಆಂಟಿಯ ಯಜಮಾನರು ಫ್ಯಾಕ್ಟರಿಯಲ್ಲಿದ್ದವರು, ನಾವು ಬರುವ ಮೊದಲೇ ತೀರಿಕೊಂಡಿದ್ದರು. ಆಂಟಿ ಗಿಡ್ಡಕ್ಕೆ, ಗುಂಡಗೆ, ಬಾಯಿ ಮಾತ್ರ ಬೀದಿಯ ಆ ತುದಿಯವರೆಗೂ ಕೇಳುತ್ತಿತ್ತು. ನನ್ನ ಹತ್ತಿರ ಒಂದು ಮೊಪೆಡ್ ಇತ್ತು. ಮನೆ ಕೊಟ್ಟಿದ್ದೇ ಆ ಮೊಪೆಡ್ ನೋಡಿ ಅಂತ ನನ್ನ ಗಂಡ ರೇಗಿಸುತ್ತಿದ್ದರು.

ಮಗಳಿಗೆ ಬಸವನಗುಡಿಯ ಕಡೆಯ ಹುಡುಗ ಗೊತ್ತಾದ. ನಿಶ್ಚಿತಾರ್ಥ ಆಂಟಿಯ ಮನೆಯಲ್ಲೇ ಆಯಿತು. ಎಲ್ಲ ಸುಸೂತ್ರವಾಗಿ ನಡೆದು ಕಾಫಿ ಬಂತು ನೋಡಿ, ಹುಡುಗನ ಸೋದರಮಾವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. "ನಿಮ್ಮ ಕಂಟೋನ್ಮೆಂಟ್ ಕಡೆ ಟೀ ಚೆನ್ನಾಗಿರುತ್ತೆ ಬಿಡಿ. ಮದುವೆಗೆ ಕಾಫಿಪುಡಿ ನಾವೇ ತಂದ್ಬಿಡ್ತೀವಿ, ನಿಮಗ್ಯಾಕೆ ತೊಂದ್ರೆ" ಅಂದ. ಎಲ್ಲರೂ ನಕ್ಕರು. ಆಂಟಿಯೂ ನಕ್ಕರು. ಆದರೆ ಕಿವಿ ಕೆಂಪಗಾಗಿದ್ದನ್ನು ನಾನು ನೋಡಿದೆ.

ಸಂಜೆ ಮಹಡಿ ಮೆಟ್ಟಿಲ ಮೇಲೆ ಕೂತು ನನ್ನನ್ನು ಕರೆದರು. "ಧಾರೆ ಎರೆಯೋದು ನನ್ನ ತಮ್ಮ, ಅವನ ಹೆಂಡ್ತಿ. ಗಂಡ ಇಲ್ದೋಳು ನಾನು, ಮಂಟಪ ಹತ್ತೋ ಹಾಗಿಲ್ಲ. ಕಾಫಿ ಒಂದೇ ಕಣೇ ನನ್ನ ಕೈಲಿರೋದು. ಅದನ್ನೂ ಅವ್ರೇ ತಂದ್ಬಿಟ್ರೆ ಆ ಮದುವೇಲಿ ನಾನ್ಯಾರು? ಛತ್ರದ ವಾಚ್‌ಮನ್ನಾ?" ಅಂದವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ಪುಡಿ ನಮ್ಮ ಕಂಟೋನ್ಮೆಂಟ್ ಕಡೇದೇ ಆಗ್ಬೇಕು. ಭಾನುವಾರ ಮೊಪೆಡ್‌ಗೆ ಪೆಟ್ರೋಲ್ ಹಾಕಿಸಿಡು."

ಭಾನುವಾರ ನೋಡಿದರೆ ಆಂಟಿ ತಯಾರು. ತರಕಾರಿ ಚೀಲದಲ್ಲಿ ಬಿಸಿನೀರಿನ ಫ್ಲಾಸ್ಕು, ಹಾಲಿನ ಫ್ಲಾಸ್ಕು, ಲೋಟ, ಸಕ್ಕರೆ ಡಬ್ಬಿ, ಜೊತೆಗೆ ಅಂಕಲ್ ಟೂರಿಗೆ ಒಯ್ಯುತ್ತಿದ್ದ ಪುಟ್ಟ ಹಿತ್ತಾಳೆ ಫಿಲ್ಟರು. "ಇದೇನು ಆಂಟಿ, ಪಿಕ್ನಿಕ್ಕಾ?" ಅಂದೆ. "ಮನೆಗ್ ತಂದ್ಮೇಲೆ ಚೆನ್ನಾಗಿಲ್ಲ ಅಂದ್ರೆ ಅವ್ನು ವಾಪಸ್ ತಗೋತಾನಾ? ಅಲ್ಲೇ ಇಳಿಸೋದು, ಅಲ್ಲೇ ಕುಡಿಯೋದು. ನಡಿ ನಡಿ" ಅಂದರು.

ಏನು ದಿನಗಳು ಅವು! ಹಲಸೂರಿನ ಮಾರ್ಕೆಟ್ಟಿನ ಅಂಗಡಿಯಲ್ಲಿ ಗಿರಾಕಿಗಳ ನಡುವೆ ಸ್ಟೂಲ್ ಹಾಕಿಸಿಕೊಂಡು ಆಂಟಿ ಡಿಕಾಕ್ಷನ್ ಇಳಿಸಿದರು. ಒಂದು ಗುಟುಕಿಗೇ, "ಥೂ, ನೀರು" ಅಂತ ಎದ್ದರು. ಅಂಗಡಿಯವನು ದಿಗ್ಭ್ರಾಂತನಾಗಿ ನಿಂತಿದ್ದ. ಮರ್ಫಿ ಟೌನಿನಲ್ಲಿ ಒಬ್ಬ ತಮಿಳು ಅಕ್ಕ ಮನೆ ಮುಂದಿನ ಕೋಣೆಯಲ್ಲೇ ಬೀಜ ಪುಡಿ ಮಾಡುವ ಮಿಷನ್ ಇಟ್ಟುಕೊಂಡಿದ್ದಳು, ಪುಡಿಯ ಘಮಕ್ಕೆ ನನಗೆ ಅಲ್ಲೇ ಕುಣಿಯುವ ಹಾಗಾಯಿತು. ಇಳಿಸಿ ಕುಡಿದರೆ ಮತ್ತೆ ನೀರು. ಆ ಅಕ್ಕ, "ಎನ್ನಮ್ಮಾ ಇದು, ನನ್ ಕಾಫಿನ ನೀರು ಅಂತೀರಾ!" ಅಂತ ಜಗಳಕ್ಕೇ ಬಂದಳು. ಕಮ್ಮನಹಳ್ಳಿಯಲ್ಲೂ ಅದೇ ಕಥೆ. ಭಾನುವಾರಗಳು ಕಳೆದವು, ಮದುವೆ ಹತ್ತಿರ ಬಂತು. ಆಂಟಿಯ ಮುಖ ದಿನೇದಿನೇ ಸಣ್ಣಗಾಯಿತು. "ಆ ಸೋದರಮಾವ ಹೇಳಿದ್ದೇ ನಿಜ ಆಗ್ಬಿಡುತ್ತೇನೋ ಕಣೇ..." ಅಂದಾಗ ನನಗೆ ಅಳು ಬಂತು. ಅವನ ಮೇಲೆ ಸಿಟ್ಟೂ ಬಂತು.

ಕೊನೆಗೆ ಶಿವಾಜಿನಗರ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಇದ್ದಿಲ ಒಲೆಯ ಮೇಲೆ ತಗಡಿನ ಡ್ರಮ್ ತಿರುಗಿಸುತ್ತ ಬೀಜ ಹುರಿಯುವ ಒಬ್ಬ ಭಾಯ್ ಇದ್ದಾರೆ ಅಂತ ಯಾರೋ ಹೇಳಿದ್ದರು. ಬಿಳಿ ಗಡ್ಡ, ಕಣ್ಣಿಗೆ ಸುರ್ಮಾ, ಆಂಟಿಗಿಂತ ದೊಡ್ಡ ಬಾಯಿ. "ಪೂರಾ ಬೆಂಗ್ಳೂರಲ್ಲಿ ನನ್ನಂಗೆ ಹುರಿಯೋನು ಇದ್ರೆ ತೋರ್ಸಿ ಅಮ್ಮಾ, ಅಂಗಡಿ ಬಂದ್ ಮಾಡ್ತೀನಿ!" ಅಂದರು. ಆಂಟಿ ಚೀಲದಿಂದ ಫಿಲ್ಟರ್ ತೆಗೆದರು. ನೀರು ಹಾಕಿದರು. ಕುಡಿದರು. ಲೋಟ ಕೆಳಗಿಟ್ಟರು.

"ಇದೂ ನೀರೇ" ಅಂದರು. ದನಿಯಲ್ಲಿ ಜೋರೇ ಇರಲಿಲ್ಲ.

ಭಾಯ್ ಡ್ರಮ್ ತಿರುಗಿಸುವುದನ್ನೇ ನಿಲ್ಲಿಸಿಬಿಟ್ಟರು. "ಅಮ್ಮಾ, ಕಾಫಿ ನಂದು, ಫಿಲ್ಟರ್ ನಿಮ್ದು. ಖರಾಬ್ ಯಾವ್ದು ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

ನಾನು ಸುಮ್ಮನೆ ಫಿಲ್ಟರಿನ ಮೇಲಿನ ಭಾಗವನ್ನು ತೊಳೆದು ಬೆಳಕಿಗೆ ಹಿಡಿದೆ. ಅಯ್ಯೋ ದೇವರೇ! ತಳದಲ್ಲಿ ತೂತುಗಳಾ ಅವು? ಜಾಲರಿ ಸೌಟು! ಆಚೆ ಬದಿಯಲ್ಲಿ ನಿಂತ ಆಟೋದ ನಂಬರ್ ಓದಬಹುದಿತ್ತು.

"ಆಂಟಿ, ಇದಕ್ಕೇನು ಮಾಡಿದ್ರಿ?"

"ಎಷ್ಟೋ ವರ್ಷದಿಂದ ಮೂಲೇಲಿತ್ತಲ್ಲ... ತೂತೆಲ್ಲ ಕಟ್ಕೊಂಡಿತ್ತು. ದಬ್ಬಳ ಹಾಕಿ ಬಿಡಿಸ್ದೆ."

ಗೋಣಿಚೀಲ ಹೊಲಿಯುವ ದಬ್ಬಳ! ಫಿಲ್ಟರಿಗೆ! "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಅಂತ ನನ್ನ ಬಾಯಿಂದ ಬಂದೇಬಿಟ್ಟಿತು. ಒಂದು ಕ್ಷಣ ಆಂಟಿ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ನಗತೊಡಗಿದರು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಭಾಯ್ ಕೂಡ ಗಡ್ಡ ಅಲ್ಲಾಡಿಸಿಕೊಂಡು ನಕ್ಕರು. ಪಕ್ಕದ ಪಾತ್ರೆ ಅಂಗಡಿಯಿಂದ ಹೊಸ ಸ್ಟೀಲ್ ಫಿಲ್ಟರ್ ಬಂತು. ಈ ಸಲ ಡಿಕಾಕ್ಷನ್ ಹನಿಹನಿಯಾಗಿ ಇಳಿಯಿತು, ಕಪ್ಪಗೆ, ಮಂದಕ್ಕೆ. ಆಂಟಿ ಕುಡಿದು ಕಣ್ಣು ಮುಚ್ಚಿಕೊಂಡರು. ನಾನೂ ಕುಡಿದೆ. ಆಹಾ... ಇಂಥ ಕಾಫಿ ನಮ್ಮ ಮೂಗಿನ ಕೆಳಗೇ ಇತ್ತಲ್ಲ!

ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಮುಂದಿನ ಭಾನುವಾರ ಮತ್ತೆ ಹೊರಟೆವು. "ಅಷ್ಟು ಜನಕ್ಕೆ ನೀರು ನೀರು ಅಂದ್ಬಂದಿದೀನಿ, ಅನ್ಯಾಯ ಅಲ್ವೇನೇ?" ಅನ್ನುವುದು ಆಂಟಿಯ ವಾದ. ಹೊಸ ಫಿಲ್ಟರ್ ಹಿಡಿದುಕೊಂಡು ಹಲಸೂರು, ಮರ್ಫಿ ಟೌನ್, ಕಮ್ಮನಹಳ್ಳಿ ಎಲ್ಲ ಸುತ್ತಿದೆವು. ಎಲ್ಲ ಕಡೆಯೂ ಕಾಫಿ ಚೆನ್ನಾಗಿತ್ತು! ಮರ್ಫಿ ಟೌನಿನ ಅಕ್ಕ ಮೊದಲು ಬಾಗಿಲಲ್ಲೇ ತಡೆದವಳು, ದಬ್ಬಳದ ಕಥೆ ಕೇಳಿ ನಮ್ಮನ್ನು ಕೂರಿಸಿ ಮುರುಕು ಕೊಟ್ಟಳು. ಆದರೂ ಭಾಯ್ ಹುರಿದ ಬೀಜದ ಮುಂದೆ ಉಳಿದವೆಲ್ಲ ಒಂದು ಕೂದಲೆಳೆ ಹಿಂದೆ. ಮದುವೆಯ ಪುಡಿಗೆ ಭಾಯ್‌ಗೇ ಹೇಳಿ ಬಂದೆವು.

ಮದುವೆ ಹಲಸೂರಿನ ಒಂದು ಛತ್ರದಲ್ಲಿ. ಹಿಂದಿನ ದಿನವೇ ಪುಡಿ ಕೊಡಿ ಅಂದರೆ ಭಾಯ್ ಒಪ್ಪಿರಲಿಲ್ಲ. "ಪುಡಿ ಮಾಡಿ ಇಟ್ರೆ ಅದ್ರ ಜಾನ್ ಹೋಯ್ತದೆ" ಅಂದಿದ್ದರು. ಬೆಳಗ್ಗೆ ಅವರೇ ಆಟೋದಲ್ಲಿ ಬಂದರು, ಪುಡಿಯ ಪೊಟ್ಟಣಗಳನ್ನು ಟವೆಲ್‌ನಲ್ಲಿ ಸುತ್ತಿಕೊಂಡು. ಇನ್ನೂ ಬೆಚ್ಚಗಿದ್ದವು. ಆಂಟಿ ಮೊದಲ ಲೋಟವನ್ನು ಅವರಿಗೇ ಕೊಟ್ಟರು. ಅವರು ನಾಚಿಕೊಂಡು, "ನಾನು ಚಾಯ್ ಮಾತ್ರ ಅಮ್ಮಾ, ಕಾಫಿ ಕುಡಿಯಲ್ಲ" ಅನ್ನಬೇಕೇ! ಆಂಟಿ ಬಿಡಲಿಲ್ಲ. ಪೂರ್ತಿ ಕುಡಿಸಿಯೇ ಕಳಿಸಿದರು.

ಬೀಗರ ಕಡೆಯವರಿಗೆ ಕಾಫಿ ಹೋಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಸೋದರಮಾವನನ್ನೇ ನೋಡುತ್ತಿದ್ದೆ. ಒಂದು ಗುಟುಕು. ಇನ್ನೊಂದು. ಲೋಟ ಖಾಲಿ. ಆಸಾಮಿ ಲೋಟ ಹಿಡಿದುಕೊಂಡು ತಾನೇ ಎದ್ದು ಅಡುಗೆಮನೆಗೆ ಬಂದ. "ಇನ್ನೊಂದು ಲೋಟ ಸಿಗುತ್ತಾಮ್ಮ? ಪುಡಿ ಎಲ್ಲೀದು, ನಮ್ಮ ಗಾಂಧಿಬಜಾರಾ?"

"ಶಿವಾಜಿನಗರ!" ಅಂದರು ಆಂಟಿ. ಹಾಗೆ ಕೂಗಿದ್ದು ಶಿವಾಜಿನಗರಕ್ಕೇ ಕೇಳಿಸಿರಬೇಕು. ನಾನು ಬಾಗಿಲ ಹಿಂದೆ ಹೋಗಿ ಕುಣಿದುಬಿಟ್ಟೆ.

ಮುಹೂರ್ತ ಬಂತು. ಗಟ್ಟಿಮೇಳ ಶುರುವಾದಾಗ ಜನರೆಲ್ಲ ಅಕ್ಷತೆ ಹಿಡಿದು ಮಂಟಪದ ಕಡೆ ನುಗ್ಗಿದರು. ಮೇಲೆ ಆಂಟಿಯ ತಮ್ಮ, ತಮ್ಮನ ಹೆಂಡತಿ ಧಾರೆ ಎರೆಯುತ್ತಿದ್ದರು. ಆಂಟಿ ಅಡುಗೆಮನೆ ಬಿಟ್ಟು ಅಲ್ಲಾಡಲಿಲ್ಲ. ನಾನು ಅವರ ಕೈ ಹಿಡಿದು ಎಳೆದೆ. "ಬನ್ನಿ ಆಂಟಿ, ಯಾರೇನಂತಾರೆ ನೋಡೇಬಿಡೋಣ."

"ಬೇಡ ಕಣೇ. ನಾಳೆ ಅವ್ಳ ಸಂಸಾರದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಕಟ್ತಾರೆ" ಅಂದರು. ನನ್ನ ಕೈಯಿಂದಲೇ ನಾಲ್ಕು ಕಾಳು ಅಕ್ಷತೆ ತೆಗೆದುಕೊಂಡು, ಬಾಗಿಲಲ್ಲಿ ತುದಿಗಾಲ ಮೇಲೆ ನಿಂತು ಮಗಳ ಕಡೆ ಎಸೆದರು. ಮಂಟಪ ಎಲ್ಲಿ, ಅಡುಗೆಮನೆ ಎಲ್ಲಿ... ಅಕ್ಷತೆ ಅಲ್ಲೇ ಹೊಸಿಲ ಆಚೆ ಜೋಡಿಸಿಟ್ಟಿದ್ದ ಎಂಜಲು ಲೋಟಗಳ ಮೇಲೆ ಬಿತ್ತು. ಆಂಟಿ ಕಣ್ಣೊರೆಸಿಕೊಂಡು, "ಹಾಲು ಉಕ್ಕುತ್ತೆ ನೋಡೇ" ಅಂದರು.

ಮಗಳ ಸಂಸಾರ ಚೆನ್ನಾಗಿಯೇ ನಡೆಯಿತು. ನಾವು ಕೆ.ಆರ್. ಪುರದ ಕಡೆ ಸ್ವಂತ ಮನೆ ಮಾಡಿಕೊಂಡು ಹೋದೆವು. ಆಮೇಲೂ ಭಾಯ್ ಅಂಗಡಿಗೆ ಹೋದಾಗಲೆಲ್ಲ ಆಂಟಿ ನನಗೂ ಒಂದು ಪೊಟ್ಟಣ ತೆಗೆದಿಡುತ್ತಿದ್ದರು. ಎರಡು ಸಾವಿರದ ಮೊದಲ ದಶಕ ಮುಗಿಯುವ ಮೊದಲೇ ಆಂಟಿ ಹೋಗಿಬಿಟ್ಟರು. ಭಾಯ್ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಇಂದಿರಾನಗರದ ಆ ಅಂಗಡಿಯಲ್ಲಿ ಕೂತಿದ್ದಾಗಲೇ ನನಗೆ ಫೋನ್ ಬಂತು. ನನ್ನ ಯಜಮಾನರ ಅಣ್ಣ. ಯಜಮಾನರು ಹೋಗಿ ಮೂರು ವರ್ಷವಾಯಿತು. ಮುಂದಿನ ತಿಂಗಳು ನನ್ನ ಮಗಳ ಮದುವೆ, ರವಿಕೆ ಕೊಟ್ಟಿದ್ದೂ ಅದಕ್ಕೇ. "ಧಾರೆಗೆ ನಾನೂ ನಿಮ್ಮಕ್ಕಾನೂ ಕೂತ್ಕೋತೀವಿ. ನೀನು ಕಾಫಿ ತಿಂಡಿ ಕಡೆ ನೋಡ್ಕೊಳಮ್ಮ, ಅದೇ ದೊಡ್ಡ ಜವಾಬ್ದಾರಿ" ಅಂದರು. ಒಳ್ಳೆಯವರು, ಪ್ರೀತಿಯಿಂದಲೇ ಅಂದರು. ಹೋದ ತಿಂಗಳೂ ಹೀಗೇ ಅಂದಿದ್ದರು, ಆಗ ನಾನು ಹ್ಞೂಂ ಅಂದಿದ್ದೆ.

"ಭಾವ, ಧಾರೆ ನಾನೇ ಎರೀತೀನಿ. ನನ್ ಮಗಳು ಅವ್ಳು. ಕಾಫಿ ಬೇಕಾದ್ರೆ ನೀವು ನೋಡ್ಕೊಳ್ಳಿ" ಅಂದೆ.

ನನಗೆ ತಡೆಯಲಾರದ ಖುಷಿ. ಫೋನ್ ಇಟ್ಟ ತಕ್ಷಣ ಇದನ್ನು ಆಂಟಿಗೆ ಹೇಳಬೇಕು ಅನ್ನಿಸಿತು. ಅವರಿಲ್ಲ ಅನ್ನುವುದು ಆಮೇಲೆ ನೆನಪಾಯಿತು...