ಮೈಕ್ ಇಲ್ಲದ ಸೆಟ್ಟು

ನಮ್ಮ ಮನೆಯಲ್ಲಿ ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಒಂದು ರೇಡಿಯೊ ಸೆಟ್ಟು ಇದೆ. ಹಾಡು, ವಾರ್ತೆ ಬರುವ ರೇಡಿಯೊ ಅಲ್ಲ. ಜೀಪಿನಲ್ಲಿ ಕೂಡಿಸುವಂಥದ್ದು, ಅಂಗೈ ಅಗಲದ ಕಪ್ಪು ಡಬ್ಬಿ. ಕೆಳಗೆ ಒಂದು ಬ್ಯಾಟರಿ, ಮಾಳಿಗೆಯ ಮೇಲೆ ಒಂದು ಉದ್ದನೆಯ ಕಂಬಿ. ಆ ಕಂಬಿಯ ತಂತಿಗಳನ್ನು ದಾಟಿಕೊಂಡೇ ನಾನು ಪ್ರತಿ ಬೇಸಿಗೆ ಮೆಣಸಿನಕಾಯಿ ಒಣಹಾಕುತ್ತೇನೆ, ಪ್ರತಿ ಬೇಸಿಗೆ ಎಡವುತ್ತೇನೆ. ಸೆಟ್ಟಿನ ಮಗ್ಗುಲಲ್ಲಿ ಮೈಕ್ ತೂಗುಹಾಕುವ ಕೊಂಡಿ ಇದೆ. ಮೈಕ್ ಇಲ್ಲ. ಅದು ಮೊದಲಿನಿಂದಲೂ ಇರಲಿಲ್ಲ.

ನಮ್ಮವರು ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ರೇಡಿಯೊ ನೋಡಿಕೊಳ್ಳುತ್ತಿದ್ದರು. ಕಬ್ಬು ಕಡಿಯುವ ಹೊಲ, ಟ್ರ್ಯಾಕ್ಟರುಗಳು ಸಾಲುಗಟ್ಟುವ ಅಂಗಳ, ತೂಕದ ಕಾಟಾ, ಗೇಟು, ಎಲ್ಲರ ಕೈಯಲ್ಲೂ ಕಾರ್ಖಾನೆಯ ಸೆಟ್ಟುಗಳು. ಮಾತಾಡುವವರು ಬಹಳ, ದನಿ ಹೋಗುವ ದಾರಿಗಳು ನಾಲ್ಕೇ. ಈ ಹೊಸ ಡಿಜಿಟಲ್ ಸೆಟ್ಟುಗಳು ಬಂದಾಗ ಅವರು ನನಗೆ ವಿವರಿಸಿದ್ದು ಹೀಗೆ: ರಬಕವಿ ನಾಕಾದಲ್ಲಿ ನಾಲ್ಕು ಆಟೊ ನಿಂತಿರುತ್ತವೆ, ಯಾವುದೂ ಯಾರ ಸ್ವಂತದ್ದಲ್ಲ, ಖಾಲಿ ಇದ್ದುದಕ್ಕೆ ಬಂದವರನ್ನು ಹತ್ತಿಸಿ ಕಳಿಸುವವನೊಬ್ಬ ಇರುತ್ತಾನೆ. ಅದಕ್ಕೆ ಟ್ರಂಕಿಂಗ್ ಅನ್ನುತ್ತಾರೆ. ಅದರ ಮೇಲೆ ಒಂದೊಂದು ಆಟೊದಲ್ಲಿ ಇಬ್ಬಿಬ್ಬರು ಕೂಡಬಹುದು, ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಹಾಗಿದ್ದರೆ ಎಲ್ಲರಿಗೂ ಮೊಬೈಲು ಕೊಡಿಸಿದರೆ ಆಗದೇ ಎಂದು ಕೇಳಿದ್ದೆ. ಫೋನು ಮಾಡಿದರೆ ಒಂದು ಕಿವಿ ಸಿಗುತ್ತದೆ, ಇದರಲ್ಲಿ ಒಂದೇ ಸಲಕ್ಕೆ ಎಲ್ಲರ ಕಿವಿ ಸಿಗುತ್ತದೆ ಎಂದರು. ನನಗೆ ಅವರ ಒಂದು ಕಿವಿಯೂ ಸಿಗುತ್ತಿರಲಿಲ್ಲ, ಆ ಮಾತು ಬೇರೆ.

ಅವರ ಕೆಲಸವೇ ಕೇಳುವುದು. ಜೀಪಿನಲ್ಲಿ ಈ ಸೆಟ್ಟು ಇಟ್ಟುಕೊಂಡು ಜಮಖಂಡಿ, ಬೀಳಗಿ, ಹೊಳೆಯ ದಂಡೆಯ ತುಬಚಿ ಎಂದು ತಿರುಗುವುದು, ಯಾವ ತಿರುವಿನಲ್ಲಿ ದನಿ ಹರಿಯುತ್ತದೆ, ಯಾವ ದಿಬ್ಬದ ಹಿಂದೆ ದನಿ ಸಿಗುವುದಿಲ್ಲ ಎಂದು ಗುರುತು ಮಾಡುವುದು. ನಡುವೆ ಬಾಯಿ ಹಾಕಬಾರದೆಂದು ಅದಕ್ಕೆ ಮೈಕನ್ನೇ ಕೊಟ್ಟಿರಲಿಲ್ಲ. ಮನೆಗೆ ಬಂದ ಮೇಲೂ ಸೆಟ್ಟು ಒಳಗೆ ಬರುತ್ತಿತ್ತು. ಊಟದ ತಾಟಿನ ಮುಂದೆ ಕುಳಿತಾಗ ಎಲ್ಲೋ ಒಂದು ಟ್ರ್ಯಾಕ್ಟರಿನ ಗಾಲಿ ಹುಗಿದಿದ್ದು, ಇನ್ನೆಲ್ಲೋ ಕಾಟಾ ಬಂದ್ ಬಿದ್ದಿದ್ದು ನಮ್ಮ ಸಾರಿನ ಮೇಲೆ ಬೀಳುತ್ತಿತ್ತು. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ನಾನು ಗೊಣಗುತ್ತಿದ್ದೆ. ಅವರು ನಗುತ್ತಿದ್ದರು.

ಸಂಜೆ ಪಾಳಿ ಬದಲಾಗುವ ಮುಂಚೆ ಹಾಜರಿ ಆಗುತ್ತಿತ್ತು. ಕಾರ್ಖಾನೆಯಲ್ಲಿ ಕುಳಿತ ಆಪರೇಟರು ಒಂದೊಂದೇ ಠಾಣೆಯ, ಅಂದರೆ ಸೆಟ್ಟು ಇಟ್ಟ ಊರಿನ, ಹೆಸರು ಕರೆಯುವುದು, ಅಲ್ಲಿದ್ದವರು "ಅದೀನ್ರಿ" ಅನ್ನುವುದು. ಮನುಷ್ಯರ ಹೆಸರು ಯಾರೂ ಹೇಳುವುದಿಲ್ಲ. ಮುಧೋಳ, ಮಹಾಲಿಂಗಪುರ, ಚಿಮ್ಮಡ, ತುಬಚಿ, ಬೀಳಗಿ. ಒಂದು ಠಾಣೆ ಎರಡು ಸಲ ಕರೆದರೂ ಓ ಅನ್ನದಿದ್ದರೆ ಮೂರನೆಯ ಸಲ ಊರಿನ ಹೆಸರು ಕರೆಯದೆ "ಏನಾತ್ರಿ?" ಎಂದು ಕೇಳಬೇಕು. ಅದು ಅವರ ರೂಢಿ. ಎಲ್ಲ ಮುಗಿದ ಮೇಲೆ ಕೊನೆಗೆ "ಕೇಳಾವ್ರು" ಎಂದು ಒಂದು ಕರೆ. ಅದು ನಮ್ಮವರಿಗೆ. ಮೈಕ್ ಇಲ್ಲದ ಮನುಷ್ಯ ಉತ್ತರ ಕೊಡುವುದೆಲ್ಲಿಂದ? ಆಪರೇಟರು ಒಂದು ಉಸಿರಿನಷ್ಟು ಹೊತ್ತು ತಡೆದು, "ಕೇಳಾಕತ್ತಾರ" ಎಂದು ತಾನೇ ಹೇಳಿ ಹಾಜರಿ ಮುಗಿಸುತ್ತಿದ್ದ. ಯಾರೋ ಎಂದೋ ತಮಾಷೆಗೆ ಶುರು ಮಾಡಿದ್ದು, ಆಮೇಲೆ ಅದೇ ನಿಯಮವಾಯಿತು.

ಹೋದ ಸಲದ ಕಬ್ಬಿನ ಹಂಗಾಮಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಅರ್ಧ ಉಳಿಯಿತು, ಮಾತು ಪೂರ್ತಿ ನಿಂತಿತು. ಕೆಲಸ ಬಿಟ್ಟರೂ ಸೆಟ್ಟು ಮನೆಯಲ್ಲಿ ಇರಲಿ ಎಂದು ಕಾರ್ಖಾನೆಯವರೇ ಹೇಳಿ ಕಳಿಸಿದರು. ಇಷ್ಟು ವರ್ಷ ಕೇಳಿದವರು ಇನ್ನೂ ಕೇಳುತ್ತಿರಲಿ ಎಂಬ ದಯೆ. ದಯೆಯನ್ನು ಬೇಡ ಅನ್ನುವುದು ಹೇಗೆ? ಮುಂಜಾನೆಯಿಂದ ಸಂಜೆಯವರೆಗೆ ಅವರು ಸೆಟ್ಟಿನ ಎದುರಿನ ಕುರ್ಚಿಯಲ್ಲಿ ಕುಳಿತರು. ನಾನು ಚಿಮ್ಮಡದ ಶಾಲೆಯಲ್ಲಿ ಕನ್ನಡ ಕಲಿಸಿ, ಬಸ್ಸು ತಪ್ಪಿದರೆ ಆಟೊದಲ್ಲಿ ಹಿಂಡಿಕೊಂಡು ಬನಹಟ್ಟಿಯ ಮನೆಗೆ ಬಂದು, ಅವರ ಮೈ ಒರೆಸಿ, ಗಂಜಿ ಕುಡಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತಾಗ ಆ ಡಬ್ಬಿ ಮಾತಾಡುತ್ತಲೇ ಇರುತ್ತಿತ್ತು. ಇಡೀ ತಾಲ್ಲೂಕು ಮಾತಾಡುತ್ತಿತ್ತು, ನಮ್ಮ ಮನೆಯ ಇಬ್ಬರನ್ನು ಬಿಟ್ಟು.

ಮಾತು ಬೆಳ್ಳಿ, ಮೌನ ಬಂಗಾರ ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ನಾನೇ ನಿಂತು ಬರೆಸಿದ್ದೇನೆ. ಬರೆಸುವಾಗ ಗೊತ್ತಿರಲಿಲ್ಲ. ಬಂಗಾರದ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕು.

ಮಾತು ಕಲಿಸುವ ಡಾಕ್ಟರಮ್ಮ ಜಮಖಂಡಿಯಲ್ಲಿ ಇದ್ದಾರೆ, ಮೈಸೂರು ಕಡೆಯವರು, ಚಿಕ್ಕ ವಯಸ್ಸು. ವಾರಕ್ಕೊಮ್ಮೆ ಅವರ ಹತ್ತಿರ ಕರೆದುಕೊಂಡು ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತಿಸುವಾಗ ಕಂಡಕ್ಟರು ಸೀಟಿ ಊದುತ್ತಾನೆ, ಹಿಂದಿನವರು ನೂಕುತ್ತಾರೆ, ನಮ್ಮವರು ನನ್ನ ಮುಖವನ್ನು ತಪ್ಪಿಯೂ ನೋಡುವುದಿಲ್ಲ. ಅಲ್ಲಿ ಹೋದರೆ ಚಿತ್ರ ತೋರಿಸಿ ಏನೆಂದು ಕೇಳುತ್ತಾರೆ. ಮನೆಯ ಚಿತ್ರ, ನೀರಿನ ಚಿತ್ರ, ಆಕಳ ಚಿತ್ರ. "ಮನೆ ಅನ್ನಿ, ಮ-ನೆ." ನಮ್ಮವರು ಹುಟ್ಟಿದಾಗಿನಿಂದ ಮನಿ ಅಂದವರು, ಈ ವಯಸ್ಸಿನಲ್ಲಿ ಮನೆ ಎಲ್ಲಿಂದ ಬರಬೇಕು ಎಂದು ನಾನು ಒಳಗೊಳಗೇ ಸಿಟ್ಟಾದೆ. ಮನಿಯೂ ಬರಲಿಲ್ಲ. ತುಟಿ ಅಲುಗಿ ನಿಲ್ಲುತ್ತಿತ್ತು, ಕಣ್ಣಿನಲ್ಲಿ ನೀರು ಬರುತ್ತಿತ್ತು. ಬೇಗ ಬರದಿದ್ದರೆ ಆಮೇಲೆ ಬರುವುದು ಇನ್ನೂ ಕಷ್ಟ ಎಂದು ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದರು. ಮನೆಯಲ್ಲಿ ದಿನವಿಡೀ ಏನು ಮಾಡುತ್ತಾರೆ ಎಂದು ಕೇಳಿದರು. ಸೆಟ್ಟಿನ ಕತೆ ಹೇಳಿದೆ.

"ಅದನ್ನ ಆಫ್ ಮಾಡಿ ನೋಡಿ," ಎಂದರು. "ಅವರಿಗೆ ಕೇಳೋದೇ ಸಾಕಾಗ್ಬಿಟ್ಟಿದೆ. ಮಾತಾಡೋ ಅವಶ್ಯಕತೆನೇ ಬರ್ತಾ ಇಲ್ಲ."

ಸುಳ್ಳು ಯಾಕೆ ಹೇಳಲಿ, ನನಗೆ ಒಳಗೆ ಸಮಾಧಾನವೇ ಆಯಿತು. ನನ್ನ ಬಹಳ ದಿನದ ಆಸೆಗೆ ವೈದ್ಯರ ಒಪ್ಪಿಗೆ ಸಿಕ್ಕಿತ್ತು. ಆದರೂ ಆ ಆಪರೇಟರು ಬಂದ್ ಆದ ಸೆಟ್ಟಿಗೆ ದಿನಾ ಕರೆಯುತ್ತಾ ಕೂಡುವುದು ನೆನೆದು ಕಾರ್ಖಾನೆಗೆ ಫೋನು ಹಚ್ಚಿದೆ. ಅವನ ಮುಖ ನಾನು ನೋಡಿದ್ದಿಲ್ಲ, ದನಿ ಮಾತ್ರ ಮನೆಯ ಮಂದಿಯ ದನಿಯಷ್ಟು ಪರಿಚಯ. ನಾನು ಹೇಳಿದ್ದನ್ನು ಪೂರ್ತಿ ಕೇಳಿಕೊಂಡ.

"ಬಂದ್ ಮಾಡ್ರಿ ಅಕ್ಕಾರ, ಆರಾಮ ಆದ್ರ ಸಾಕು," ಎಂದ. "ನಾ ಅಂತೂ ಕರೀತೀನ್ರಿ. ಕೊನೀಕ ಅವರನ್ನ ಕರೀಲಿಲ್ಲಂದ್ರ ನಮ್ಮ ಹಾಜರಿ ಮುಗಿದಂಗ ಆಗೂದಿಲ್ಲ."

ಅವರ ಕಣ್ಣೆದುರೇ ಸೆಟ್ಟು ಬಂದ್ ಮಾಡಿದೆ. ಕದ್ದು ಮಾಡುವ ಕೆಲಸ ಅಲ್ಲ ಅದು. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಅವರು ಎಡಗೈ ಒಮ್ಮೆ ಎತ್ತಿ ಇಳಿಸಿದರು, ಅಷ್ಟೇ. ಆ ವಾರ ಅನ್ನ ಅರ್ಧಕ್ಕೇ ಬಿಟ್ಟರು. ಮನೆ ಎಷ್ಟು ಸಣ್ಣದು ಎಂದು ಆಗಲೇ ಗೊತ್ತಾಗಿದ್ದು, ಪಕ್ಕದ ಓಣಿಯ ಮಗ್ಗಗಳ ಸದ್ದು ಒಳಗೆ ಬಂದು ಕುಳಿತಿತ್ತು. ನಾನು ಒಲೆಯ ಮುಂದೆ ನಿಂತು ಹಲ್ಲು ಕಚ್ಚಿಕೊಂಡು ರೊಟ್ಟಿ ಬಡಿದೆ. ಮಾಡಿದ್ದು ತಪ್ಪಾಯಿತೇನೋ ಎಂಬ ಹೆದರಿಕೆ ನನಗೆ. ಇರುವ ಒಂದು ಸುಖವನ್ನೂ ಕಿತ್ತುಕೊಂಡು, ಮಾತೂ ಬರದೆ ಹೋದರೆ?

ಹಾಗೆ ಬಡಿಯುತ್ತಿದ್ದಾಗಲೇ ಒಂದು ಸಂಜೆ ಹಿಂದಿನಿಂದ ದನಿ ಬಂತು. "ಮುಧೋಳ."

ದನಿ ಒರಟಾಗಿತ್ತು, ತುಕ್ಕು ಹಿಡಿದ ಚಿಲಕ ಎಳೆದ ಹಾಗೆ. ತಿರುಗಿ ನೋಡಿದೆ. ಅವರು ಸತ್ತ ಸೆಟ್ಟನ್ನು ನೋಡುತ್ತಾ ಕುಳಿತಿದ್ದರು. ಹಾಜರಿಯ ಹೊತ್ತು. ಸ್ವಲ್ಪ ತಡೆದು ಮತ್ತೆ "ಮುಧೋಳ" ಎಂದರು. ಉತ್ತರಕ್ಕೆ ಕಾಯುತ್ತಿದ್ದಾರೆ ಎಂದು ಹೊಳೆಯಲು ನನಗೆ ಅಷ್ಟು ಹೊತ್ತು ಬೇಕಾಯಿತು. ಹಿಟ್ಟಿನ ಕೈಯಲ್ಲೇ ನಿಂತು "ಅದೀನ್ರಿ" ಎಂದೆ. ಮಹಾಲಿಂಗಪುರ ಬಂತು, ಚಿಮ್ಮಡ ಬಂತು, ತುಬಚಿ, ಬೀಳಗಿ. ಎಲ್ಲ ಠಾಣೆಯಲ್ಲೂ ನಾನೇ ಇದ್ದೆ. ಕೊನೆಗೆ "ಕೇಳಾವ್ರು" ಎಂದಾಗಲೂ ಬಾಯಿ ತೆರೆದೆ, ಅವರು ಎಡಗೈ ಎತ್ತಿ ತಡೆದರು. ಆ ಠಾಣೆ ಮಾತಾಡಬಾರದು. ಒಂದು ಉಸಿರು ಕಾದು, "ಕೇಳಾಕತ್ತಾರ" ಎಂದು ತಾವೇ ಮುಗಿಸಿದರು. ಹೆಂಚಿನ ಮೇಲಿನ ರೊಟ್ಟಿ ಅಷ್ಟರಲ್ಲಿ ಕರಿ ಆಗಿತ್ತು.

ಕೇಳಿ ಕುಣಿದಾಡುತ್ತಾರೆ ಅಂದುಕೊಂಡು ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರು ಸಂತೋಷಪಟ್ಟರು, ಆದರೆ ನಿಧಾನ ಎಂದರು. ಬಾಯಿಪಾಠವಾಗಿದ್ದು ಹೀಗೆ ಉಳಿದಿರುತ್ತದಂತೆ, ಮಗ್ಗಿಯ ಹಾಗೆ, ಮಂತ್ರದ ಹಾಗೆ. ಅದು ಇನ್ನೂ ಮಾತಲ್ಲವಂತೆ, ಮಾತಿನ ಬಾಗಿಲಂತೆ. ದಿನಾ ಉತ್ತರ ಕೊಡುತ್ತಾ ಹೋಗಿ ಎಂದರು. ಸೆಟ್ಟನ್ನು ಮುಂಜಾನೆ ಹಚ್ಚಬಹುದು, ಹಾಜರಿಯ ಹೊತ್ತಿಗೆ ಮಾತ್ರ ಬಂದ್ ಇರಲಿ ಎಂದರು.

ಅಂದಿನಿಂದ ಅದೊಂದು ಕೆಲಸ ಸೇರಿಕೊಂಡಿತು. ಹಬ್ಬ ಬಂತು, ಹೋಯಿತು. ಹೊಸ ಹಂಗಾಮು ಶುರುವಾಗಿ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು. ದಿನಾ ಸಂಜೆ ಅವರು ಕರೆಯುತ್ತಾರೆ, ನಾನು ಓ ಅನ್ನುತ್ತೇನೆ. ನೀರು ಬೇಕಾದರೆ ಇವತ್ತಿಗೂ ಕೈ ತೋರಿಸುತ್ತಾರೆ. ಬೀಳಗಿಯ ಹೆಸರು ಸ್ಪಷ್ಟ, ಹೆಂಡತಿಯನ್ನು ಕರೆಯಲು ಒಂದು "ಲೇ" ಕೂಡ ಇಲ್ಲ. ನನಗೆ ಸಿಟ್ಟು ಬರುತ್ತಿತ್ತು. ಬಾಗಿಲು ಅಂದರಲ್ಲ, ಹೊಸ್ತಿಲಲ್ಲೇ ನಿಂತು ನಿಂತು ಕಾಲು ನೋಯುತ್ತಿದೆ ಎಂದು ಡಾಕ್ಟರಮ್ಮನಿಗೆ ಹೇಳಬೇಕು ಅನಿಸುತ್ತಿತ್ತು.

ಮೊನ್ನೆ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಬಸ್ಸು ತಪ್ಪಿತು. ಹತ್ತಿದ ಆಟೊ ಕಬ್ಬಿನ ಸಾಲಿನ ಹಿಂದೆ ಸಿಕ್ಕಿಕೊಂಡು, ಮನೆ ಮುಟ್ಟುವಾಗ ನನ್ನ ತಲೆ ಸಿಡಿಯುತ್ತಿತ್ತು. ಚಪ್ಪಲಿ ಕಳೆದವಳು ಕಾಲು ಸಹ ತೊಳೆಯದೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತೆ. ಅವರು ಕಾಯುತ್ತಿದ್ದರು. ಮುಧೋಳ ಎಂದರು, ಅದೀನ್ರಿ ಎಂದೆ. ಮಹಾಲಿಂಗಪುರ ಎಂದರು, ಅದಕ್ಕೂ ಹೇಗೋ ಹೇಳಿದೆ. "ಚಿಮ್ಮಡ" ಎಂದಾಗ ನನ್ನಿಂದ ಆಗಲಿಲ್ಲ. ಈಗಷ್ಟೇ ಚಿಮ್ಮಡದಿಂದ ಸತ್ತು ಬಂದವಳು, ಚಿಮ್ಮಡದಲ್ಲಿ ಅದೀನ್ರಿ ಎಂದು ಹೇಳಲೇ? ಕಣ್ಣು ಮುಚ್ಚಿಕೊಂಡೆ.

"ಚಿಮ್ಮಡ," ಎಂದು ಇನ್ನೊಮ್ಮೆ ಕರೆದರು.

ಓ ಅನ್ನಲಿಲ್ಲ. ಮುಂದೆ "ಏನಾತ್ರಿ" ಬರುತ್ತದೆ, ಅದೂ ಬಾಯಿಪಾಠದ್ದೇ, ಬರಲಿ ಎಂದು ಸುಮ್ಮನೆ ಕುಳಿತೆ. ಬರಲಿಲ್ಲ. ಕಣ್ಣು ತೆರೆದೆ. ಅವರು ಸೆಟ್ಟಿನ ಕಡೆ ನೋಡುತ್ತಿರಲಿಲ್ಲ, ಕುರ್ಚಿಯಲ್ಲಿ ಮೈ ತಿರುಗಿಸಿ ನನ್ನನ್ನೇ ನೋಡುತ್ತಿದ್ದರು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಹಣೆಯ ಮೇಲೆ ಬೆವರು ಒಡೆದಿತ್ತು.

"ದಣದೀ?" ಎಂದರು.

ಹಾಜರಿಯಲ್ಲಿ ಆ ಮಾತು ಇಲ್ಲ. ಇಷ್ಟು ವರ್ಷ ಕೇಳಿದ್ದೇನೆ, ಯಾವ ಠಾಣೆಯನ್ನೂ ಯಾರೂ ಹಾಗೆ ಕೇಳಿದ್ದಿಲ್ಲ. ನನಗೆ ಅಳು ಬಂತು, ಅಳುತ್ತಲೇ ಉತ್ತರ ಕೊಟ್ಟೆ.

"ಹೂಂನ್ರಿ. ಭಾಳ ದಣದೀನಿ."

ಅವರು ಒಂದು ಉಸಿರಿನಷ್ಟು ಹೊತ್ತು ತಡೆದರು. ಕೇಳಿಸಿತು ಎಂಬಂತೆ ತಲೆಯಾಡಿಸಿದರು. ಆಮೇಲೆ ಸೆಟ್ಟಿನ ಕಡೆ ತಿರುಗಿ, "ತುಬಚಿ" ಎಂದರು.

ಸೆರಗಿನಲ್ಲಿ ಮೂಗು ಒರೆಸಿಕೊಂಡು, ಅದೀನ್ರಿ ಎಂದೆ.