ನಮ್ಮ ಓಣಿಯ ಸೀಟು ಹರಾಜಾದ ವರ್ಷ

ನಮ್ಮ ಓಣಿಯ ಪಂಚಾಯ್ತಿ ಸೀಟು ಮಹಿಳೆಯರಿಗೆ ಮೀಸಲಾಗಿತ್ತು. ಅದನ್ನು ಗುಡಿಯ ಕಟ್ಟೆಯ ಮೇಲೆ ಹರಾಜು ಹಾಕಿದ ದಿನ ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಗಂಡಂದಿರೇ ಹೆಂಡಂದಿರ ಪರವಾಗಿ ಕೂಗಿದರು. ಎಲ್ಲರಿಗಿಂತ ಹೆಚ್ಚು ಕೂಗಿದವನು ಮೆಣಸಿನಕಾಯಿ ವ್ಯಾಪಾರಿ. ದುಡ್ಡು ಗುಡಿಯ ಕಲ್ಯಾಣಮಂಟಪಕ್ಕೆ, ಸೀಟು ಅವನ ಹೆಂಡತಿಗೆ. ಉಳಿದವರು ನಾಮಪತ್ರ ಹಿಂದೆ ತೆಗೆದುಕೊಂಡರೆ ಅವಿರೋಧ ಆಯ್ಕೆ. ಸವಣೂರು ತಾಲ್ಲೂಕಿನಲ್ಲಿ, ಯಲವಿಗಿ ಸ್ಟೇಷನ್ನಿಗೆ ಸಮೀಪದ ನಮ್ಮೂರಲ್ಲಿ ಹಿಂದಿನ ಎರಡು ಚುನಾವಣೆಗಳೂ ಹೀಗೆಯೇ ಮುಗಿದಿದ್ದವು. ಈ ಸಲ ಮಾತ್ರ ನಾನೂ ಒಂದು ನಾಮಪತ್ರ ಹಾಕಿ ಕೂತಿದ್ದೆ.

ಊರ ಹಿರಿಯರ ವಾದ ತೀರಾ ತಲೆಕೆಟ್ಟದ್ದೇನೂ ಅಲ್ಲ. ಚುನಾವಣೆ ನಡೆದರೆ ಬಾಡೂಟ, ಬಾಟ್ಲಿ, ಜಗಳ. ಹರಾಜಾದರೆ ಅದೇ ದುಡ್ಡು ದೇವರಿಗೆ ಹೋಗುತ್ತದೆ, ಊರೂ ತಣ್ಣಗಿರುತ್ತದೆ. ಆದರೆ ವಿಧಾನಸಭೆ ಚುನಾವಣೆಯಲ್ಲಿ ಖರ್ಚಿಗೊಂದು ಮಿತಿ ಇದೆ, ಕುಡಿಸಿದ ಚಹಾಕ್ಕೂ ಲೆಕ್ಕ ಕೊಡಬೇಕು. ನಮ್ಮ ಕಟ್ಟೆಯ ಮೇಲೆ ಕೂಗಿದ ದುಡ್ಡಿಗೆ ಯಾವ ಮಿತಿ? ಯಾರಿಗೆ ಲೆಕ್ಕ? ಹರಾಜು ಕಾನೂನಿಗೆ ವಿರುದ್ಧ ಅಂತ ಎಲ್ಲರಿಗೂ ಗೊತ್ತು. ದೇವರ ಹೆಸರು ಬಂದ ಕೂಡಲೇ ಎಲ್ಲರ ಬಾಯಿಗೂ ಬೀಗ.

ನನ್ನ ಸಿಟ್ಟು ಶುರುವಾದದ್ದು ಗಟಾರದಿಂದ. ಮಳೆಗಾಲದಲ್ಲಿ ಅದರ ನೀರು ನಮ್ಮ ಪಡಸಾಲೆಗೇ ನುಗ್ಗುತ್ತಿತ್ತು. ಆಗಿನ ಸದಸ್ಯನಿಗೆ ಹೇಳಲು ಹೋದೆ. ಅವನು ಎಲೆ ಅಡಿಕೆ ಜಗಿಯುತ್ತಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ನೀವೇನ್ ನನಗ ವೋಟ್ ಹಾಕೀರೇನು? ನಾ ರೊಕ್ಕಾ ಕೊಟ್ಟು ಮೆಂಬರ್ ಆಗೇನಿ.”

ಮೈಯೆಲ್ಲ ಉರಿದುಹೋಯಿತು. ಆದರೆ ಅವನು ಸುಳ್ಳು ಹೇಳಿರಲಿಲ್ಲ, ಅದೇ ಸಂಕಟ. ಮನೆಗೆ ಬರುವಷ್ಟರಲ್ಲಿ ಮುಂದಿನ ಸಲ ನಾನೇ ನಿಲ್ಲುವುದೆಂದು ತೀರ್ಮಾನಿಸಿಬಿಟ್ಟಿದ್ದೆ.

ನಾಮಪತ್ರ ಹಿಂಪಡೆಯಲು ಕೊನೆಯ ದಿನ ಮಧ್ಯಾಹ್ನ ಮೂರರವರೆಗೆ ಅವಕಾಶ. ನನ್ನ ಗಂಡ ಹಿಂದಿನ ಸಂಜೆಯೇ ಕಟ್ಟೆಗೆ ಹೋಗಿ, ನನ್ನನ್ನು ಒಂದು ಮಾತೂ ಕೇಳದೆ, ಹಿಂದೆ ತೆಗೆಸುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದ. ಬೆಳಿಗ್ಗೆ ಹಿರಿಯರು ಅವನನ್ನೇ ಪಂಚಾಯ್ತಿ ಆಫೀಸಿಗೆ ಕರೆದೊಯ್ದು ಅರ್ಜಿ ಬರೆಸಿದರು. ಚುನಾವಣಾಧಿಕಾರಿ ಅದನ್ನು ವಾಪಸು ಕೊಟ್ಟು, ನಿಂತವಳ ಸಹಿ ಬೇಕು ಅಂದರಂತೆ. ಪಾಪ, ಅದು ಯಾರ ತಲೆಗೂ ಹೊಳೆದಿರಲಿಲ್ಲ. ರೇಷನ್ ಕಾರ್ಡಿನಿಂದ ಹಿಡಿದು ಸೊಸೈಟಿ ಸಾಲದವರೆಗೆ ನಮ್ಮೂರ ಹೆಂಗಸರ ಸಹಿಯನ್ನೆಲ್ಲ ಗಂಡಸರೇ ಹಾಕಿ ರೂಢಿ.

ಎರಡು ಗಂಟೆಗೆ ನಾಲ್ವರು ಹಿರಿಯರು ನನ್ನ ಗಂಡನನ್ನು ಮುಂದೆ ಬಿಟ್ಟುಕೊಂಡು ಮನೆಗೆ ಬಂದರು. ನಾನು ಬಟ್ಟೆ ಹೊಲಿಯುವವಳು. ಆಗ ಮಷಿನ್ನಿನ ಮೇಲಿದ್ದದ್ದು, ನಗಬೇಡಿ, ಆ ವ್ಯಾಪಾರಿಯ ಹೆಂಡತಿಯ ಹಸಿರು ಜಂಪರು. ಸನ್ಮಾನದ ದಿನ ತೊಡಲೆಂದು ಮೊದಲೇ ಕೊಟ್ಟಿದ್ದಳು. ಕುಂತ್ರಿ ಅಂದೆ, ಚಹಾ ಕೊಟ್ಟೆ, ಮತ್ತೆ ಹೊಲಿಯಲು ಕೂತೆ.

ಮೊದಲು ತಂಗಿ, ಮಗಳೇ ಎಂದರು. ಆಮೇಲೆ, ನಾಳೆಯಿಂದ ಒಬ್ಬರೂ ನಿನ್ನ ಮಷಿನ್ನಿಗೆ ಬಟ್ಟೆ ಕೊಡುವುದಿಲ್ಲ, ನಿನ್ನ ಮಗಳ ಮದುವೆಗೆ ಮಂಟಪದ ಬಾಗಿಲು ತೆರೆಯುವುದಿಲ್ಲ ಎಂದರು. ಹೊಸ್ತಿಲ ಬಳಿ ಕೂತಿದ್ದ ನನ್ನ ಅತ್ತೆ, ದೇವರ ಕೆಲಸಕ್ಕೆ ಅಡ್ಡ ಬರಬೇಡ, ಸಹಿ ಹಾಕಿಬಿಡು ಎಂದು ಗೋಗರೆದಳು. ನನಗೂ ಹೆದರಿಕೆಯಾಗಿತ್ತು. ಅದು ಕಾಣಬಾರದೆಂದು, ಜಂಪರಿನ ಸರಿಯಾಗಿಯೇ ಇದ್ದ ತೋಳನ್ನು ಬಿಚ್ಚಿ ಮತ್ತೆ ಕೂಡಿಸತೊಡಗಿದೆ.

“ಹಾಕೂದಿಲ್ರಿ,” ಅಂದೆ. “ನನ್ನ ವೋಟ್ ನಿಮ್ಮ ಕಟ್ಟಿ ಮ್ಯಾಲಿನ ಸಾಮಾನಲ್ಲ.”

ಮೂರು ಹೊಡೆಯುವ ತನಕ ಅದೇ ತೋಳನ್ನು ಎರಡು ಸಲ ಬಿಚ್ಚಿ ಹೊಲಿದೆ. ಅವರು ಚಹಾದ ಕಪ್ಪುಗಳನ್ನು ಅಲ್ಲೇ ಬಿಟ್ಟು ಎದ್ದು ಹೋದರು.

ಆಮೇಲೆ ಓಣಿಯಲ್ಲಿ ನಡೆದದ್ದನ್ನು ನೋಡಬೇಕಿತ್ತು. ಸೀಟು ಕೊಂಡವಳು ವೋಟು ಕೇಳಲು ಬೀದಿಗಿಳಿದಳು. ಪ್ರತಿ ಬಾಗಿಲಲ್ಲೂ ಚಪ್ಪಲಿ ಬಿಟ್ಟು ಒಳಗೆ ಬಂದಳು. ಜನ ಅವಳನ್ನು ನಿಲ್ಲಿಸಿ ಗಟಾರ ತೋರಿಸಿದರು, ಬೀದಿದೀಪ ತೋರಿಸಿದರು. ನಮ್ಮ ಮನೆಗೂ ಬಂದು ಜಂಪರು ತೆಗೆದುಕೊಂಡು, ಅತ್ತೆಯ ಜೊತೆ ಕೂತು ಮಾತಾಡಿ ಹೋದಳು. ನಾನೂ ಬಿಡಲಿಲ್ಲ, ಒಂದೊಂದು ಮನೆಗೂ ಮೂರು ಸಲ ಹೋದೆ.

ಸೋತೆ. ಕೈಬೆರಳಲ್ಲಿ ಎಣಿಸುವಷ್ಟು ಮತಗಳಿಂದ ಸೋತೆ. ಎಣಿಕೆ ಮುಗಿದು ನಾನು ಮನೆಗೆ ಬಂದಾಗ ಅತ್ತೆ ಜೋಳ ಹಸನು ಮಾಡುತ್ತಿದ್ದಳು. ಅವಳ ಬೆರಳಿನ ಶಾಯಿ ಇನ್ನೂ ಹೋಗಿರಲಿಲ್ಲ. ಮೊರದಿಂದ ತಲೆ ಎತ್ತದೆಯೇ ಹೇಳಿದಳು:

“ನಾ ನಿನಗ ಹಾಕಿಲ್ಲವ್ವ. ಆಕಿಗೆ ಹಾಕೇನಿ.”

ಎದೆಗೆ ಒದ್ದಂತಾಯಿತು. ಒಂದೇ ಒಲೆಯ ಅನ್ನ ಉಂಡವಳು! ಯಾಕೆ ಎಂದು ಕೂಗಿಯೇಬಿಟ್ಟೆ.

“ಆಕಿ ಬಂದು ಕೈ ಹಿಡಿದು ಕೇಳಿದ್ಲು. ಹತ್ತು ವರ್ಷದಾಗ ಯಾರೂ ಕೇಳಿದ್ದಿಲ್ಲ. ನೀ ಊರೆಲ್ಲಾ ತಿರುಗಿದಿ, ನನ್ನ ಕೇಳಿದೇನು?”

ಕೇಳಿರಲಿಲ್ಲ. ಗಂಡ ನನ್ನ ಸಹಿಯನ್ನು ಹೇಗೆ ತನ್ನದೆಂದುಕೊಂಡಿದ್ದನೋ, ನಾನು ಅವಳ ಮತವನ್ನು ಹಾಗೆಯೇ ನನ್ನದೆಂದುಕೊಂಡಿದ್ದೆ. ಸಿಟ್ಟಿನಲ್ಲೇ ಅವಳ ಎದುರು ಕೂತೆ, ಮೊರದ ಇನ್ನೊಂದು ಬದಿಯಿಂದ ಕಲ್ಲು ಆರಿಸತೊಡಗಿದೆ. ಮುಂದಿನ ಸಲವೂ ನಿಲ್ಲುತ್ತೇನೆ, ಆಗ ನಿಮ್ಮ ಮತ ನನಗೆ ಕೊಡುತ್ತೀರಾ ಎಂದು ಕೇಳಿದೆ.

“ನೋಡೂಣಂತ,” ಅಂದಳು ಅತ್ತೆ.